ಬಳೆಯ ಕಂಬ

ನಮ್ಮ ಬಡಾವಣೆಯ ಜನಪದ ಹಾಡಿನ ಬಳಗಕ್ಕೆ ನಾನು ಸೇರಿದ್ದು ಹಾಡುವುದಕ್ಕಲ್ಲ. "ಭಾನುವಾರ ಬೆಳಿಗ್ಗೆ ಫ್ಯಾನ್ ನೋಡ್ಕೊಂಡು ಮಲಗಿರ್ತೀರಲ್ಲ, ಎಲ್ಲಾದ್ರೂ ಹೋಗಿ ಬನ್ರೀ" ಅಂತ ಹೆಂಡತಿ ಹೇಳಿದ್ದಕ್ಕೆ ಹೋದೆ. ಪಾರ್ಕಿನ ಪಕ್ಕದ ಸಮುದಾಯ ಭವನದಲ್ಲಿ ಹತ್ತು ಹದಿನೈದು ಜನ ಜಮಖಾನದ ಮೇಲೆ ಕೂತಿದ್ದರು. ಹಾಡು ಬರುತ್ತಾ ಅಂದರು. ಇಲ್ಲ ಅಂದೆ. ದಮ್ಮಡಿ? ಇಲ್ಲ. ತಾಳ? ಹಾಕಿ ನೋಡ್ತೀನಿ ಅಂದೆ. ಎರಡು ನಿಮಿಷ ಕೇಳಿಸಿಕೊಂಡು ನನ್ನನ್ನು ಕಾರ್ಯದರ್ಶಿ ಮಾಡಿದರು.

ಕಾರ್ಯದರ್ಶಿ ಅಂದ್ರೆ ದೊಡ್ಡ ಹುದ್ದೆಯೇನಲ್ಲ. ಭವನದ ಬೀಗದಕೈ ತರಬೇಕು. ಜಮಖಾನ ಕೊಡವಬೇಕು. ವಾಟ್ಸಾಪ್ ಗುಂಪಿನಲ್ಲಿ "ನಾಳೆ ಬೆಳಿಗ್ಗೆ ಸರಿಯಾಗಿ 8 ಗಂಟೆಗೆ" ಅಂತ ಹಾಕಬೇಕು, ಅದಕ್ಕೆ ನಲವತ್ತು ಜನ ಕೈಮುಗಿದರೆ ನಲವತ್ತು ಜನ ಬರ್ತಾರೆ ಅಂದುಕೊಳ್ಳಬಾರದು. ಬರುವವರು ಹನ್ನೆರಡು. ತಿಂಡಿ ಕೇಸರಿಬಾತ್ ಅಂತ ಮೊದಲೇ ಹಾಕಿದರೆ ಹದಿನೆಂಟು.

ಬಳಗದಲ್ಲಿ ಎಲ್ಲ ಥರದವರೂ ಇದ್ದಾರೆ. ಹೈಸ್ಕೂಲಿನಲ್ಲಿ ಕನ್ನಡ ಹೇಳಿ ರಿಟೈರ್ ಆದ ಮೇಷ್ಟ್ರು ನಮ್ಮ ಅಧ್ಯಕ್ಷರು. ಜೇಬಿನಲ್ಲಿ ಸದಾ ಒಂದು ಪುಟ್ಟ ನೋಟ್‌ಬುಕ್ಕು, ಯಾರು ಯಾವ ಪದ ಅಂದರೂ ಬರೆದುಕೊಳ್ಳುತ್ತಾರೆ. ಬ್ಯಾಂಕಿನಿಂದ ರಿಟೈರ್ ಆದ ರಾಯರಿಗೆ ಶಾಸ್ತ್ರೀಯ ಸಂಗೀತ ಬರುತ್ತದೆ, ಅದೇ ತೊಂದರೆ. ಬೀಸುವ ಪದ ಅಂದ್ರೆ ಕಲ್ಲಿನ ಜೊತೆ ಸುತ್ತಬೇಕು, ಅಲ್ವಾ? ರಾಯರು ಮೊದಲ ಸಾಲಿಗೇ ಕಣ್ಣುಮುಚ್ಚಿ ಆಲಾಪನೆ ಎತ್ತಿಕೊಂಡರೆ ಮುಗಿಸುವಷ್ಟರಲ್ಲಿ ಉಪ್ಪಿಟ್ಟು ಆರಿರುತ್ತದೆ. "ರಾಯರೇ, ಹಿಂಗೆ ಬೀಸಿದ್ರೆ ರಾಗಿ ಹಿಟ್ಟಾಗೋದು ಯಾವಾಗ?" ಅಂತ ಹಾಸನದ ಅಕ್ಕ ಒಂದು ದಿನ ಕೇಳೇಬಿಟ್ಟರು. ರಾಯರು ಎರಡು ವಾರ ಬರಲಿಲ್ಲ. ಮೂರನೇ ವಾರ ಕೇಸರಿಬಾತ್ ಇತ್ತು, ಬಂದರು.

ಆದರೆ ನಮ್ಮ ನಿಜವಾದ ಜಗಳ ರಾಗದ್ದಲ್ಲ, ಪದದ್ದು. ಕಳೆದ ವರ್ಷ ರಾಜ್ಯೋತ್ಸವಕ್ಕೆ ಒಂದು ಸೋಬಾನೆ ಪದ ಹಾಡೋಣ ಅಂತಾಯಿತು. ಮದುವೆ ಮನೆಯ ಪದ, ಎಲ್ಲರಿಗೂ ಗೊತ್ತಿರುವಂಥದ್ದು. ಅದೇ ಎಡವಟ್ಟಾಗಿದ್ದು. ಎಲ್ಲರಿಗೂ ಗೊತ್ತು, ಒಬ್ಬೊಬ್ಬರಿಗೆ ಒಂದೊಂದು ಥರ ಗೊತ್ತು. ಹಾಸನದ ಅಕ್ಕನ ಪದದಲ್ಲಿ ಮದುಮಗ ಕುದುರೆ ಮೇಲೆ ಬರುತ್ತಾನೆ. ಚಾಮರಾಜನಗರದ ಅಣ್ಣನ ಪದದಲ್ಲಿ ನಡೆದುಕೊಂಡು. ಮಂಡ್ಯದವರದ್ದು ಗಾಡಿ. "ನಮ್ಮವ್ವ ಹಿಂಗೇ ಹಾಡ್ತಿದ್ದದ್ದು" ಅಂತ ಒಬ್ಬರು ಅಂದಮೇಲೆ ವಾದ ಮಾಡೋದು ಹೇಗೆ? ಅವರವ್ವನ್ನ ಬೈದಂಗಾಗುತ್ತೆ. ಮೂರು ಭಾನುವಾರ ಮದುಮಗ ಮದುವೆ ಮನೆ ಬಾಗಿಲಿಗೇ ಬರಲಿಲ್ಲ.

ಕೊನೆಗೆ ಮಂಡ್ಯದವರು ತಮ್ಮ ತಾಯಿಯನ್ನೇ ಕರೆದುಕೊಂಡು ಬಂದರು. ಎಂಬತ್ತು ದಾಟಿದ ಅಜ್ಜಿ. ಮೇಲುಕೋಟೆ ಕಡೆಯ ಹಳ್ಳಿಯವರು. ಕುರ್ಚಿ ಕೊಟ್ಟರೆ ಬೇಡ ಅಂದು ಗೋಡೆಗೆ ಒರಗಿ ಕೂತು, ಎಲೆ ಅಡಿಕೆ ಒಂದು ಕೆನ್ನೆಗೆ ಸರಿಸಿಕೊಂಡು, ಶ್ರುತಿ ಪೆಟ್ಟಿಗೆ ಗುಂಯ್ ಅನ್ನುತ್ತಿದ್ದುದನ್ನು ನೋಡಿ "ಅದೇನ್ಲಾ ಜೇನುಹುಳ, ಆಫ್ ಮಾಡು" ಅಂದು, ಶುರು ಮಾಡಿದರು. ಎಲ್ಲರೂ ಸುಮ್ಮನಾದೆವು. ರಾಯರು ಕೂಡ.

ಅದರಲ್ಲೊಂದು ಸಾಲು ಹೀಗಿತ್ತು:

ಮೇಲುಕೋಟೆ ದಾರೀಲಿ ಮದುಮಗ ಬತ್ತಾನೆ
ಬಾಗಿಲಿಗೆ ಬಾಳೆಯ ಕಂಬ ನೆಡಿರವ್ವ

ನಾನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ರಾತ್ರಿ ಹನ್ನೊಂದು ಗಂಟೆಗೆ ಹಾಸಿಗೆಯಲ್ಲಿ ಕೂತು, ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಅದೇ ಮೊಬೈಲಿನಲ್ಲಿ ಟೈಪ್ ಮಾಡಿದೆ. ನನ್ನ ಫೋನಿನ ಕನ್ನಡ ಕೀಬೋರ್ಡಿಗೆ ತನ್ನದೇ ಬುದ್ಧಿ ಇದೆ. ನಾನು ಒತ್ತಿದ್ದು ಬಾಳೆ. ಬಿದ್ದದ್ದು ಬಳೆ. ನೋಡಲಿಲ್ಲ. ನಿದ್ದೆ ಬರುತ್ತಿತ್ತು. ರಾಯರಿಗೆ ಕಳಿಸಿ ಮಲಗಿದೆ.

ರಾಯರು ಅಚ್ಚುಕಟ್ಟಿನ ಮನುಷ್ಯ. ಮುಂದಿನ ಭಾನುವಾರ ಇಪ್ಪತ್ತು ಪ್ರತಿ ತಂದರು. ಬರೀ ಜೆರಾಕ್ಸ್ ಆಗಿದ್ದರೆ ಪೆನ್ನಿನಲ್ಲಿ ತಿದ್ದಬಹುದಿತ್ತು. ಇಪ್ಪತ್ತಕ್ಕೂ ಲ್ಯಾಮಿನೇಶನ್ ಮಾಡಿಸಿದ್ದರು.

"ಬಾಗಿಲಿಗೆ ಬಳೆಯ ಕಂಬ" ಅಂತ ಎಲ್ಲರೂ ಹಾಡಿದರು. ನನಗೆ ಹೊಟ್ಟೆಯೊಳಗೆ ಏನೋ ಜಾರಿದಂಗಾಯಿತು. ಅಜ್ಜಿ ಇದ್ದಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದರು, ಆದರೆ ಅವರು ಅಷ್ಟರಲ್ಲಿ ತುಮಕೂರಿನ ಮಗಳ ಮನೆಗೆ ಹೋಗಿಯಾಗಿತ್ತು. ಹಾಸನದ ಅಕ್ಕ ನಿಲ್ಲಿಸಿ "ಇದೇನಿದು ಬಳೆಯ ಕಂಬ? ಕೇಳೇ ಇಲ್ಲ" ಅಂದರು. ನಾನು "ಅದು..." ಅಂತ ಬಾಯಿ ತೆಗೆದೆ. ಮೇಷ್ಟ್ರು ಕೈ ಎತ್ತಿ ತಡೆದರು.

"ಹಿಂದೆ ಬಳೆಗಾರರು ಬಳೆಗಳನ್ನ ಒಂದು ಕೋಲಿಗೆ ಪೋಣಿಸ್ಕೊಂಡು ಬರ್ತಿದ್ರಲ್ಲಮ್ಮ. ಮದುವೆ ಮನೆ ಬಾಗಿಲಲ್ಲಿ ಆ ಕೋಲನ್ನ ನಿಲ್ಲಿಸ್ತಿದ್ರು. ಹೆಣ್ಣುಮಕ್ಕಳೆಲ್ಲ ಬಂದು ಹಸಿರು ಬಳೆ ತೊಟ್ಕೋತಿದ್ರು. ಅದೇ ಬಳೆಯ ಕಂಬ. ಎಂಥಾ ಚಿತ್ರ ನೋಡಿ!"

ಎಲ್ಲರೂ ಆಹಾ ಅಂದರು. ಹೇಳಬೇಕೆಂದರೆ ನಾನೂ ಅಂದೆ.

ಅಲ್ಲಿಗೆ ಮುಗಿಯಲಿಲ್ಲ. ರಾಯರು ತಾಳ ಹಾಕಿ ನೋಡಿ "ಇಲ್ಲೊಂದು ಮಾತ್ರೆ ಕಮ್ಮಿ ಬರುತ್ತಲ್ಲ ಮೇಷ್ಟ್ರೇ" ಅಂದರು. ಬರದೆ ಏನು? ದೀರ್ಘ ಹೋಗಿದೆಯಲ್ಲ! ಈಗ ಸಿಕ್ಕಿಬೀಳ್ತೀನಿ ಅಂದುಕೊಂಡೆ. ಮೇಷ್ಟ್ರು ಒಂದು ಕ್ಷಣ ಯೋಚಿಸಿ, "ಬೇಕಂತಲೇ ಬಿಟ್ಟಿದ್ದಾರೆ. ಅದು ಬಳೆ ಸದ್ದಿಗೆ ಬಿಟ್ಟ ಜಾಗ" ಅಂದರು. ಹೆಂಗಸರು ತಕ್ಷಣ ಆ ಜಾಗದಲ್ಲಿ ಕೈ ಅಲ್ಲಾಡಿಸಿ ಝಲ್ ಅನ್ನಿಸಿದರು. ನಿಜ ಹೇಳ್ತೀನಿ, ಬಾಳೆಗಿಂತ ಚೆನ್ನಾಗಿತ್ತು. ಬಳಗದ ಹಣದಲ್ಲಿ ಹನ್ನೆರಡು ಡಜನ್ ಹಸಿರು ಗಾಜಿನ ಬಳೆ ತರುವುದೆಂದು ಅಲ್ಲೇ ತೀರ್ಮಾನ ಆಯಿತು. ತರಬೇಕಾದವನು ಯಾರು? ಕಾರ್ಯದರ್ಶಿ. ಬಳೆ ಅಂಗಡಿಯವನು ಅಳತೆ ಕೇಳಿದ. ಹನ್ನೆರಡು ಜನ ಹೆಂಗಸರ ಕೈ ಅಳತೆ ನಾನು ಎಲ್ಲಿಂದ ಹೇಳಲಿ? ಹೇಳಿದರೆ ನನ್ನ ಮನೆಯಲ್ಲಿ ಏನಾಗುತ್ತೆ?

ಜುಲೈನಲ್ಲಿ ಇನ್ನೊಂದು ಆಯಿತು. ನಮಗೆ ತಮಟೆ ಬಡಿಯುವ ಹುಡುಗ ನಂಜನಗೂಡು ಕಡೆಯವನು, ವಾರವೆಲ್ಲ ಗೂಡ್ಸ್ ಆಟೋ ಓಡಿಸುತ್ತಾನೆ. ಅವನು ಬಡಿದರೆ ಪಾರ್ಕಿನಲ್ಲಿ ವಾಕಿಂಗ್ ಮಾಡುವವರೂ ಹೆಜ್ಜೆ ಬದಲಾಯಿಸುತ್ತಾರೆ. ಆದರೆ ಮಳೆಗಾಲದ ಥಂಡಿಗೆ ತಮಟೆಯ ಚರ್ಮ ಸಡಿಲ ಬಿದ್ದು, ಹೊಡೆದರೆ ಹಾಸಿಗೆಗೆ ಹೊಡೆದಂತೆ ಬೊದ್ ಬೊದ್ ಅಂತಿತ್ತು. "ಬೆಂಕಿಗೆ ಕಾಯಿಸ್ಬೇಕು ಸಾರ್, ಚರ್ಮ ಬಿಗಿ ಆಗುತ್ತೆ" ಅಂದ. ಹಳ್ಳಿಯಲ್ಲಾದರೆ ಒಂದು ಹಿಡಿ ಒಣಹುಲ್ಲು, ಒಂದು ಬೆಂಕಿಕಡ್ಡಿ, ಮುಗೀತು. ಮೈಸೂರಿನ ಬಡಾವಣೆಯಲ್ಲಿ ಭಾನುವಾರ ಬೆಳಿಗ್ಗೆ ಒಣಹುಲ್ಲು ಎಲ್ಲಿ ಹುಡುಕೋದು?

ಹಾಸನದ ಅಕ್ಕ ಮನೆಯಿಂದ ಹೇರ್ ಡ್ರೈಯರ್ ತರಿಸಿದರು. ತಮಟೆಗೆ ಹೇರ್ ಡ್ರೈಯರ್ ಹಿಡಿದದ್ದನ್ನು ನೋಡಿದ ಆ ಹುಡುಗನ ಮುಖ ನಾನು ಮರೆಯೋದಿಲ್ಲ. ಐದು ನಿಮಿಷಕ್ಕೆ ಭವನದ ಫ್ಯೂಸ್ ಹೋಯಿತು. ಆಮೇಲೆ ಹಿಂದಿನ ಜಾಗದಲ್ಲಿ ಹಳೇ ಪೇಪರು, ತೆಂಗಿನ ಗರಿ ಸೇರಿಸಿ ಬೆಂಕಿ ಹಾಕಿದೆವು. ಗರಿ ಹಸಿ ಇತ್ತು. ಹೊಗೆ ಅಂದ್ರೆ ಹೊಗೆ, ಸೊಳ್ಳೆ ಔಷಧಿ ಹೊಡೆಯುವ ಗಾಡಿ ಬಂತು ಅಂತ ಮಕ್ಕಳು ಓಡಿ ಬಂದರು. ಎದುರು ಮನೆಯಮ್ಮ ಒಗೆದು ಹಾಕಿದ್ದ ಬಟ್ಟೆಗಳನ್ನು ತೋಳ ತುಂಬ ಹೊತ್ತುಕೊಂಡು ಬಂದು, ಒಂದು ಬಿಳಿ ಪಂಚೆಯನ್ನು ನನ್ನ ಮೂಗಿಗೆ ಹಿಡಿದು "ಮೂಸಿ ನೋಡ್ರಿ" ಅಂದರು. ಮೂಸಿದೆ. ಕಾರ್ಯದರ್ಶಿ ಅಲ್ವಾ.

ಅಷ್ಟರಲ್ಲಿ ಆ ಹುಡುಗ ನಮ್ಮ ಗಲಾಟೆಗೆ ತಲೆ ಹಾಕದೆ, ಕುಕ್ಕರಗಾಲಲ್ಲಿ ಕೂತು, ತಮಟೆಯನ್ನು ಉರಿಗೆ ತೋರಿಸಿ ತಿರುಗಿಸಿ, ಬೆರಳಿಂದ ತಟ್ಟಿ ಕಿವಿಗೊಟ್ಟು, ಮತ್ತೆ ತೋರಿಸಿ, ಎದ್ದು ಒಂದೇ ಏಟು ಹಾಕಿದ. ಟಣ್ ಅಂತು. ಪಂಚೆ ಹಿಡಿದಿದ್ದ ಅಮ್ಮನೂ ಒಂದು ಕ್ಷಣ ಬೈಯೋದು ನಿಲ್ಲಿಸಿದರು. ಈಗ ಫೈಬರ್ ತಮಟೆ ಬಂದಿದೆ, ಕಾಯಿಸೋದೇ ಬೇಡ, ಅದನ್ನೇ ಕೊಳ್ಳೋಣ ಅಂತ ರಾಯರು ಹೇಳಿ ನೋಡಿದರು. ಹುಡುಗ ನಕ್ಕ, ಉತ್ತರ ಕೊಡಲಿಲ್ಲ.

ಆಗಸ್ಟಿನಲ್ಲಿ ಪ್ರವಾಸ. ರಾಮನಗರದ ಜಾನಪದ ಲೋಕಕ್ಕೆ. ಜಾನಪದ ವಸ್ತು ನೋಡಲು ಅಷ್ಟು ದೂರ ಯಾಕೆ, ನಮ್ಮೂರಲ್ಲೇ ಜಯಲಕ್ಷ್ಮೀ ವಿಲಾಸದಲ್ಲಿ 1968ರಲ್ಲೇ ಜಾನಪದ ವಸ್ತುಸಂಗ್ರಹಾಲಯ ಮಾಡಿದ್ದಾರಲ್ಲ ಅಂತ ನೀವು ಕೇಳಬಹುದು. ಅಲ್ಲಿಗೆ ಹೋದರೆ ದಾರಿಯಲ್ಲಿ ಮದ್ದೂರು ವಡೆ ಸಿಗುತ್ತಾ? ಅದಕ್ಕೇ ರಾಮನಗರ.

ಟೆಂಪೋ ಟ್ರಾವೆಲರ್ ಹತ್ತಿದೆವು. ಒಳಗೆ ಅಂತ್ಯಾಕ್ಷರಿ ಶುರುವಾಯಿತು. ಜೋರಾಗಿ ಹಾಡ್ತಾ ಹಾಡ್ತಾ ಇದ್ದಾಗ ಹಾಸನದ ಅಕ್ಕ ಕಿಟಕಿ ನೋಡಿ "ಮದ್ದೂರು ಬರಲೇ ಇಲ್ವಲ್ಲ" ಅಂದರು. ಬರೋದು ಹೇಗೆ? ಡ್ರೈವರ್ ಹೊಸ ಎಕ್ಸ್‌ಪ್ರೆಸ್‌ವೇ ಹಿಡಿದಿದ್ದ. ಅದು ಮದ್ದೂರನ್ನು ಹೊರಗೇ ಬಿಟ್ಟು ಹೋಗುತ್ತೆ. ಚನ್ನಪಟ್ಟಣ, ರಾಮನಗರವನ್ನೂ ಹೊರಗೇ ಬಿಡುತ್ತೆ ಅನ್ನೋದು ನೆನಪಾಗುವಷ್ಟರಲ್ಲಿ ಇಳಿಯಬೇಕಾದ ಜಾಗ ದಾಟಿ ಬಿಡದಿಗೆ ಬಂದಿದ್ದೆವು. ಪಟ್ಟಿಯಲ್ಲಿ ವಡೆ ಇತ್ತು, ಹೊಟ್ಟೆಗೆ ಬಿದ್ದದ್ದು ತಟ್ಟೆ ಇಡ್ಲಿ. ತಟ್ಟೆ ಇಡ್ಲಿ ಬಗ್ಗೆ ನನಗೇನೂ ದೂರಿಲ್ಲ, ಎರಡು ಪ್ಲೇಟ್ ತಿಂದೆ. ಆಮೇಲೆ ಹಳೇ ರಸ್ತೆಯಲ್ಲಿ ಹಿಂದಕ್ಕೆ ಬಂದು ಲೋಕ ತಲುಪಿದೆವು.

ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾಗ ಅದು, 1994ರಲ್ಲಿ ಶುರುವಾದದ್ದು. ಬೀಸುವ ಕಲ್ಲು, ಒನಕೆ, ನೇಗಿಲು, ತೊಗಲುಗೊಂಬೆ ಎಲ್ಲ ನೋಡಿದೆವು. ಹಾಸನದ ಅಕ್ಕ ಪ್ರತಿ ವಸ್ತುವಿನ ಮುಂದೆ ನಿಂತು "ಇದು ನಮ್ಮನೇಲಿತ್ತು, ಗುಜರಿಗೆ ಹಾಕಿದ್ವಿ" ಅಂತಿದ್ದರು. ಮೇಷ್ಟ್ರು ನನ್ನ ಹೆಗಲ ಮೇಲೆ ಕೈ ಹಾಕಿ, "ಗೌಡರು ಹಳ್ಳಿಹಳ್ಳಿ ತಿರುಗಿ ಪದ ಕೂಡಿಸಿದ್ರು ಕಣಯ್ಯ. ಒಂದಕ್ಷರ ಹೆಚ್ಚುಕಮ್ಮಿ ಆಗಬಾರದು ಅಂತ ಎಷ್ಟು ಕಷ್ಟ ಪಡಬೇಕು ಗೊತ್ತಾ? ನೀನೂ ಅಜ್ಜಿ ಪದ ಬರೆದುಕೊಂಡೆಯಲ್ಲ, ಅದೂ ಅದೇ ಕೆಲಸವೇ" ಅಂದರು. ಬಿಡದಿಯ ಇಡ್ಲಿ ಗಂಟಲಿಗೆ ವಾಪಸ್ ಬಂತು.

ಅವತ್ತು ಹೇಳಿಬಿಡಬೇಕು ಅಂತಲೇ ಇದ್ದೆ. ಆದರೆ ಬಳೆ ತಂದಾಗಿತ್ತು. ಹನ್ನೆರಡು ಡಜನ್. ಒಡೆದದ್ದನ್ನು ವಾಪಸ್ ತಗೋತಾರಾ?

ಅಕ್ಟೋಬರ್ ಕೊನೆಯ ಭಾನುವಾರ ಅಜ್ಜಿ ತುಮಕೂರಿನಿಂದ ಬಂದರು. ಫೈನಲ್ ರಿಹರ್ಸಲ್. ಅದೇ ಗೋಡೆಗೆ ಒರಗಿ ಕೂತರು. ಹಾಡು ಶುರುವಾಯಿತು. ನಾನು ಕಂಬದ ಹಿಂದೆ ನಿಂತೆ. ಸಿಮೆಂಟಿನ ಕಂಬ. ಬಳೆಯ ಕಂಬ ಬಂತು, ಝಲ್ ಅಂತು, ಅಜ್ಜಿ ಎಲೆ ಅಡಿಕೆ ಅಗಿಯೋದು ನಿಲ್ಲಿಸಿದರು. ಆಮೇಲೆ ಮತ್ತೆ ಅಗಿದರು. ಮುಗಿದ ಮೇಲೆ ಮೇಷ್ಟ್ರು "ಹೇಗಿತ್ತಮ್ಮ?" ಅಂದರೆ "ಚೆಂದಾಗದೆ" ಅಂದರು, ಅಷ್ಟೇ.

ಹೊರಗೆ ಅವರ ಚಪ್ಪಲಿ ಹುಡುಕಿ ಕೊಡುತ್ತಿದ್ದೆ. ಅಜ್ಜಿ ಬಗ್ಗಿ ನನ್ನ ಕಿವಿ ಹತ್ತಿರ "ಬಾಳೆ ಎಲ್ಲೋಯ್ತು ಮಗ?" ಅಂದರು.

"ಅಜ್ಜಿ, ಫೋನು... ಒಂದು ದೀರ್ಘ..."

"ಬುಡು ಬುಡು. ನಾನೇನ್ ಕಮ್ಮಿನಾ? ನಮ್ಮತ್ತೆ ಹೇಳ್ತಿದ್ದದ್ದು ಬೆಳ್ಳೂರು ದಾರೀಲಿ ಮದುಮಗ ಬತ್ತಾನೆ ಅಂತ. ಬೆಳ್ಳೂರು ಅವಳ ತವರು. ನಂಗ್ಯಾಕೆ ಅವಳ ತವರು? ಮೇಲುಕೋಟೆ ಹಾಕ್ದೆ."

"ಅತ್ತೆ ಏನೂ ಅನ್ನಲಿಲ್ವಾ?"

"ಅವಳು ಸತ್ಮೇಲೆ ಹಾಕ್ದೆ" ಅಂದು ಚಪ್ಪಲಿ ಮೆಟ್ಟಿ ಹೊರಟರು.

ನವೆಂಬರ್ 1ಕ್ಕೆ ಪಾರ್ಕಿನಲ್ಲಿ ಶಾಮಿಯಾನ. ಮೈಕು ಕೂಗಿತು, ರಾಯರು ಒಂದೇ ಒಂದು ಆಲಾಪನೆ ಬೇಡ್ತೀನಿ ಅಂತ ಕೇಳಿಕೊಂಡು ಮೂರು ಮಾಡಿದರು, ತಮಟೆ ಈ ಸಲ ಬಿಸಿಲಿಗೇ ಬಿಗಿಯಾಗಿತ್ತು. ಬಳೆಯ ಕಂಬದ ಸಾಲಿಗೆ ಹನ್ನೆರಡು ಜನ ಒಟ್ಟಿಗೆ ಕೈ ಎತ್ತಿ ಝಲ್ ಅನ್ನಿಸಿದಾಗ ನಾಲ್ಕು ಬಳೆ ಒಡೆದು ಮುಂದಿನ ಸಾಲಿನಲ್ಲಿ ಕೂತಿದ್ದ ಮುಖ್ಯ ಅತಿಥಿಗಳ ಶಾಲಿನ ಮೇಲೆ ಬಿದ್ದವು. ಜನ ಚಪ್ಪಾಳೆ ಹೊಡೆದರು, ಅದೂ ಹಾಡಿನ ಭಾಗ ಅಂದುಕೊಂಡು.

ಮುಗಿದ ಮೇಲೆ ನಾನು ಜಮಖಾನ ಸುತ್ತುತ್ತಿದ್ದೆ. ಅರವತ್ತು ದಾಟಿದ ಹೆಂಗಸೊಬ್ಬರು ಸೀದಾ ಮೇಷ್ಟ್ರ ಹತ್ತಿರ ಬಂದರು. ನಮ್ಮ ಬಡಾವಣೆಯವರಲ್ಲ, ಮಗನ ಮನೆಗೆ ಬಂದವರಂತೆ. ಕಣ್ಣು ಒದ್ದೆಯಾಗಿತ್ತು.

"ನಮ್ಮಜ್ಜಿ ಇದೇ ಪದ ಹೇಳೋರು ಸಾರ್. ಹಿಂಗೇ, ಬಳೆಯ ಕಂಬ ಅಂತ. ಈಗಿನೋರೆಲ್ಲ ಬಾಳೆ ಬಾಳೆ ಅಂತ ಕೆಡಿಸಿಟ್ಟವ್ರೆ. ನೀವು ಸರಿಯಾಗಿ ಹಾಡಿಸಿದ್ರಿ."

ನನ್ನ ಕೈಯಿಂದ ಜಮಖಾನ ಬಿಚ್ಚಿಕೊಂಡಿತು. ದೂರದಲ್ಲಿ ಕುರ್ಚಿ ಮೇಲೆ ಕೂತಿದ್ದ ಅಜ್ಜಿ ನನ್ನ ಕಡೆ ನೋಡಿ ಎಲೆ ಅಡಿಕೆ ಚೀಲ ಬಿಚ್ಚಿದರು.

"ನಿಮ್ಮಜ್ಜಿ ಯಾವೂರಮ್ಮ?" ಅಂದರು ಮೇಷ್ಟ್ರು.

"ಕಿಕ್ಕೇರಿ ಕಡೆ."

ಮೇಷ್ಟ್ರು ಜೇಬಿಂದ ನೋಟ್‌ಬುಕ್ ತೆಗೆದು, ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಬಾಯಲ್ಲಿ ಹೇಳಿಕೊಳ್ಳುತ್ತಾ ಬರೆದುಕೊಂಡರು. ದೀರ್ಘ ಇಲ್ಲದೆ.