ಹುಡುಕುವವರ ಬಾಯಲ್ಲಿರೋ ಮಾತು

ಗೂಗಲ್ ಹುಡುಕಾಟದಲ್ಲಿ ಮೇಲೆ ಬರೋಕೆ ಒಂದು ವೆಬ್ ಪುಟದಲ್ಲಿ ಕೀವರ್ಡ್, ಅಂದರೆ ಜನ ಹುಡುಕೋ ಪದ, ಎಷ್ಟು ಸಲ ಬರಬೇಕು ಅಂತ ಕೇಳೋರು ಇವತ್ತಿಗೂ ಇದ್ದಾರೆ. ನೂರು ಪದಕ್ಕೆ ಎರಡೋ ಮೂರೋ ಅಂತ ಲೆಕ್ಕ ಹೇಳಿಕೊಡೋರಿಗೂ ಬರವಿಲ್ಲ. ಆ ಲೆಕ್ಕ ನಂಬಿ ಒಂದು ಕಾಲದಲ್ಲಿ ನಾನೂ ಬರೆದಿದ್ದೆ. ಈಗ ಓದಿದರೆ ನಗು ಬರುತ್ತೆ. ಸಾಲು ಸಾಲಿಗೂ 'ಮೊಬೈಲ್ ಬ್ಯಾಟರಿ ನಿರ್ವಹಣೆ', ಥೇಟ್ ಗಿಣಿಪಾಠ!

ಆ ಪುಟದ ಕಡೆ ಯಾರೂ ತಲೆಹಾಕಲಿಲ್ಲ. ಯಾಕೆ ಅಂತ ಗೊತ್ತಾಗಿದ್ದು ಸರ್ಚ್ ಕನ್ಸೋಲ್ ತೆರೆದಾಗ. ಗೂಗಲ್ ಪುಕ್ಕಟೆ ಕೊಡೋ ಸಾಧನ ಅದು. ಜನ ಏನು ಟೈಪ್ ಮಾಡಿದಾಗ ನಮ್ಮ ಪುಟ ಕಾಣಿಸಿತು, ಎಷ್ಟು ಸಲ ಕ್ಲಿಕ್ ಆಯಿತು, ಸರಾಸರಿ ಎಷ್ಟನೇ ಸ್ಥಾನ ಅಂತ ತೋರಿಸುತ್ತೆ. ನನ್ನ ಪಟ್ಟಿಯಲ್ಲಿ 'ನಿರ್ವಹಣೆ' ಅನ್ನೋ ಪದವೇ ಇರಲಿಲ್ಲ. ಎಲ್ಲೋ ಐವತ್ತರ ಆಚೆ ನನ್ನ ಬರಹ ಕಾಣಿಸಿದ್ದು 'ಫೋನ್ ಚಾರ್ಜ್ ಬೇಗ ಖಾಲಿ ಆಗ್ತಿದೆ ಯಾಕೆ' ಅನ್ನೋ ಹುಡುಕಾಟಕ್ಕೆ. ಚಾರ್ಜ್ ನಿಲ್ಲದೆ ಪರದಾಡೋ ಮನುಷ್ಯನ ಬಾಯಲ್ಲಿ 'ನಿರ್ವಹಣೆ' ಎಲ್ಲಿಂದ ಬರಬೇಕು ಹೇಳಿ?

ಆ ಪ್ರಶ್ನೆಯನ್ನೇ ತಂದು ಶೀರ್ಷಿಕೆಯಲ್ಲಿಟ್ಟೆ. ಪೀಠಿಕೆ ಕಿತ್ತುಹಾಕಿ ಮೊದಲ ಪ್ಯಾರಾದಲ್ಲೇ ಉತ್ತರ ಬರೆದೆ. ಪಟ್ಟಿಯಲ್ಲಿದ್ದ ಉಳಿದ ಪ್ರಶ್ನೆಗಳು ಉಪಶೀರ್ಷಿಕೆಗಳಾದವು. ಇದೇ ವಿಷಯದ ಮೇಲೆ ನನ್ನವೇ ಇನ್ನೆರಡು ಪುಟಗಳು ಒಂದಕ್ಕೊಂದು ಅಡ್ಡಗಾಲು ಹಾಕ್ತಿದ್ದವು, ಅವನ್ನೂ ಇದರೊಳಗೇ ಸೇರಿಸಿದೆ. ಕೆಲವು ತಿಂಗಳು ಕಾದ ಮೇಲೆ ಗೂಗಲ್ ಫಲಿತಾಂಶದ ಮೊದಲ ಪುಟದ ಕೆಳತುದಿಯಲ್ಲಿ ಜಾಗ ಸಿಕ್ಕಿತು.

'ಬ್ಯಾಟರಿ' ಅನ್ನೋ ಒಂದೇ ಪದಕ್ಕೆ ಹುಡುಕಾಟ ಜಾಸ್ತಿ ಅಂತ ಅದರ ಹಿಂದೆ ಬೀಳೋದು ನನ್ನ ಮಟ್ಟಿಗೆ ದಂಡ. ಹುಡುಕಿದವರು ಕೊಳ್ಳೋಕೆ ಬಂದವರೋ, ಕೆಟ್ಟಿದ್ದನ್ನ ಬದಲಿಸೋಕೆ ಬಂದವರೋ, ಹೋಮ್‌ವರ್ಕಿಗೆ ರಸಾಯನಶಾಸ್ತ್ರ ಹುಡುಕ್ತಿರೋ ಮಕ್ಕಳೋ ಯಾರಿಗೆ ಗೊತ್ತು? ನಾಲ್ಕೈದು ಪದದ ಪ್ರಶ್ನೆ ಕೇಳೋರು ಕಡಿಮೆ, ಆದರೆ ಅವರಿಗೆ ಏನು ಬೇಕು ಅನ್ನೋದು ಸ್ಪಷ್ಟ.

ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರದ ಕೀವರ್ಡ್ ಬಚ್ಚಿಟ್ಟು ಗೂಗಲ್ ಕಣ್ಣಿಗಷ್ಟೇ ಬೀಳಿಸೋ ಆಟ ಮುಗಿದು ಎಷ್ಟೋ ಕಾಲವಾಯಿತು. ಪುಟದ ಕೋಡಿನಲ್ಲಿ ಓದುಗರಿಗೆ ಕಾಣದ ಹಾಗೆ ಕೀವರ್ಡ್ ಪಟ್ಟಿ ಬರೆಯೋ ಕೀವರ್ಡ್ಸ್ ಮೆಟಾ ಟ್ಯಾಗನ್ನ ರ‍್ಯಾಂಕಿಂಗಿಗೆ ನೋಡೋದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಬಿಟ್ಟಿದೆ. ಆದರೂ ಅದನ್ನ ತುಂಬೋಕೆ ದುಡ್ಡು ಕೇಳೋರನ್ನ ಕಂಡಿದ್ದೀನಿ! 2019ರಲ್ಲಿ ಗೂಗಲ್ ಹುಡುಕಾಟಕ್ಕೆ ಬರ್ಟ್ ಅನ್ನೋ, ಭಾಷೆ ಅರ್ಥಮಾಡಿಕೊಳ್ಳೋ ಎಐ ಬಂದ ಮೇಲಂತೂ ವಾಕ್ಯದ ಸಣ್ಣಪುಟ್ಟ ಪದಗಳಿಂದಲೂ ಅರ್ಥ ಹಿಡಿಯೋ ಪ್ರಯತ್ನ ನಡೀತಿದೆ. ಅಲ್ಲಿ ಒಂದೇ ಪದವನ್ನ ಇಪ್ಪತ್ತು ಸಲ ಕೂಗಿದರೆ ಯಾರು ಕೇಳ್ತಾರೆ?

ಅಂದಹಾಗೆ, ಆ ಪುಟದ ವೆಬ್ ವಿಳಾಸದಲ್ಲಿ, ಅಂದರೆ ಯುಆರ್‌ಎಲ್‌ನಲ್ಲಿ 'ನಿರ್ವಹಣೆ' ಈಗಲೂ ಇದೆ. ಬದಲಿಸಿದರೆ ಹಳೆ ಲಿಂಕುಗಳಿಂದ ಬರೋರನ್ನ ಹೊಸ ವಿಳಾಸಕ್ಕೆ ಕಳಿಸೋ ರೀಡೈರೆಕ್ಟ್ ಹಾಕಬೇಕು, ಅದರಿಂದ ಸಿಗೋ ಲಾಭ ಅಷ್ಟಕ್ಕಷ್ಟೇ. ಹಾಗೇ ಬಿಟ್ಟಿದ್ದೀನಿ.