ಮಂಗಳವಾರ ಊಟಕ್ಕೆ ಬರಲಾಗದು, ಇಂತಿ ನಿಮ್ಮ…

ದೊಡ್ಡ ಫ್ರೆಂಚ್ ಸಾಹಿತಿಯ ಪತ್ರದಲ್ಲಿ ಸಾಹಿತ್ಯ ಇದ್ದೇ ಇರುತ್ತದೆ ಎಂದು ನಂಬುವುದು ಇಂಥ ಹಳೆಯ ಪತ್ರ ಕೂಡಿಡುವ ಹೊಸ ಸಂಗ್ರಾಹಕರ ಮೊದಲ ಎಡವಟ್ಟು. ದುಡ್ಡು ಸುರಿದು ತರಿಸಿ, ಫ್ರೆಂಚ್ ಬಲ್ಲವರನ್ನು ಹಿಡಿದು ಓದಿಸಿದರೆ ಒಳಗಿರುವುದು ಇಷ್ಟೇ: ನೆಗಡಿಯಾಗಿದೆ, ಮಂಗಳವಾರ ಊಟಕ್ಕೆ ಬರಲಾಗದು. ಯಾವ ಮಂಗಳವಾರ? ಕಾದಂಬರಿಕಾರ ಪ್ರೂಸ್ತನನ್ನಂತೂ ಕೇಳಬೇಡಿ, ತಾರೀಖು ಹಾಕುವ ಅಭ್ಯಾಸ ಆತನಿಗೆ ಅಷ್ಟಕ್ಕಷ್ಟೆ. ಲಕೋಟೆ ಸಿಕ್ಕರೆ ಬಿಡಬೇಡಿ, ಅಂಚೆ ಮುದ್ರೆಯೇ ಪತ್ರದ ಜಾತಕ.

ಮಾರಾಟದ ಕ್ಯಾಟಲಾಗಿನಲ್ಲಿ ‘ಎಲ್.ಎ.ಎಸ್.’ (ಫ್ರೆಂಚಿನಲ್ಲಿ ‘ಸ್ವಹಸ್ತದ, ಸಹಿಯುಳ್ಳ ಪತ್ರ’ ಎಂಬುದರ ಚುಟುಕು) ಎಂದಿದ್ದರೆ ಒಕ್ಕಣೆ, ಸಹಿ ಎರಡೂ ಲೇಖಕರ ಕೈಬರಹ. ನಡುವಿನ ‘ಎ’ ಇಲ್ಲದಿದ್ದರೆ ಬರೆದದ್ದು ಬೇರೆಯವರು, ಸಹಿ ಮಾತ್ರ ಸಾಹೇಬರದು. ಹದಿನೆಂಟನೆಯ ಶತಮಾನದ ಲೇಖಕ ವೊಲ್ತೇರ್ ಮುಪ್ಪಿನಲ್ಲಿ ಕಾರ್ಯದರ್ಶಿ ವಾಗ್ನಿಯೇರನಿಗೆ ಹೇಳಿ ಬರೆಸಿ, ಕೆಳಗೊಂದು ‘ವಿ’ ಗೀಚಿ ಕೈತೊಳೆದುಕೊಂಡ ಪತ್ರಗಳು ಬೇಕಾದಷ್ಟಿವೆ.

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಜೇಬಿನಲ್ಲಿರಲಿ. ಗೆರೆಯ ಮೇಲೆ ಗೆರೆ ಹಾಯುವಲ್ಲಿ ನಿಜವಾದ ಶಾಯಿ ದಟ್ಟವಾಗುತ್ತದೆ; ಅಚ್ಚಿನ ನಕಲಿನಲ್ಲಿ ಎಲ್ಲೆಡೆ ಒಂದೇ ಬಣ್ಣ. ಕಾದಂಬರಿಗಾರ್ತಿ ಜಾರ್ಜ್ ಸಾಂಡ್ 1856ರ ಸುಮಾರಿಗೆ ಓರೆ ಅಕ್ಷರ ಬಿಟ್ಟು ನೆಟ್ಟಗೆ ಬರೆಯತೊಡಗಿದರು. 1840ರ ತಾರೀಖಿನ ಕೆಳಗೆ ನೆಟ್ಟನೆಯ ಅಕ್ಷರ ಕಂಡರೆ ಪರ್ಸು ಒಳಗಿಡಿ.

ಕಾಗದ ಹಳೆಯದೆಂದು ಮಾತ್ರ ಮರುಳಾಗಬೇಡಿ. ವ್ರೇನ್-ಲ್ಯೂಕಾ ಎಂಬ ಖದೀಮ ಹಳೆಯ ಪುಸ್ತಕಗಳ ಖಾಲಿ ಹಾಳೆ ಕತ್ತರಿಸಿ, ಶಾಯಿ ತಾನೇ ಕಾಯಿಸಿ, 27,000ಕ್ಕೂ ಹೆಚ್ಚು ಖೋಟಾ ಪತ್ರಗಳನ್ನು ಮಾರಿದ. ಕೊಂಡವರು ದಡ್ಡರಲ್ಲ, ಹೆಸರಾಂತ ಗಣಿತಜ್ಞ ಮಿಶೆಲ್ ಶಾಲ್. ತೆತ್ತದ್ದು ಸುಮಾರು 1,40,000 ಫ್ರಾಂಕ್. ಗುರುತ್ವಾಕರ್ಷಣೆ ನ್ಯೂಟನ್‌ಗಿಂತ ಮೊದಲೇ ಪಾಸ್ಕಲ್‌ಗೆ ಗೊತ್ತಿತ್ತೆಂದು 1867ರಲ್ಲಿ ಶಾಲ್ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯಲ್ಲೇ ಪತ್ರ ತೋರಿಸಿದರು. ಅವರ ಪೆಟ್ಟಿಗೆಯಲ್ಲಿ ಕ್ಲಿಯೋಪಾತ್ರ ಸೀಸರನಿಗೆ ಬರೆದದ್ದೂ ಇತ್ತು. ಫ್ರೆಂಚಿನಲ್ಲಿ! ಅದೂ ಕಾಗದದ ಮೇಲೆ! 1870ರಲ್ಲಿ ಲ್ಯೂಕಾನಿಗೆ ಎರಡು ವರ್ಷ ಜೈಲಾಯಿತು. ಲೆಕ್ಕದಲ್ಲಿ ಪಂಡಿತನಾದವನೂ ಆಸೆಯ ಲೆಕ್ಕದಲ್ಲಿ ಫೇಲು.

ಅಸಲಿ ಪತ್ರವೇ ಮನೆಗೆ ಬಂತೆನ್ನಿ. ಆಗ ನಮ್ಮವರ ಕಾಲು ತಾನಾಗಿ ಜೆರಾಕ್ಸ್ ಅಂಗಡಿಯ ಲ್ಯಾಮಿನೇಶನ್ ಕಡೆ ನಡೆಯುತ್ತದೆ. ಬಿಸಿಗೆ ಅಂಟು ಕಾಗದದೊಳಗೆ ಇಳಿದರೆ ಮತ್ತೆ ಬಿಡಿಸಲಾಗದು. ಹರಿದ ಮಡಿಕೆಗೆ ಸೆಲ್ಲೊಟೇಪೂ ಬೇಡ. ಅದು ಒಣಗಿ ಉದುರಿದರೂ ಹಳದಿ ಕಲೆ ಉಳಿಯುತ್ತದೆ. ಪತ್ರದ ಮಡಿಕೆ ಬಿಡಿಸಿ, ಆಮ್ಲರಹಿತ ಫೋಲ್ಡರಿನಲ್ಲಿ ಮಲಗಿಸಿಡಿ. ಹಳೆಯ ಕಾಲದ, ಕಬ್ಬಿಣದ ಅಂಶವಿರುವ ಶಾಯಿ ಕಾಗದವನ್ನೇ ತಿನ್ನುವುದರಿಂದ ಪದೇಪದೇ ಮಡಿಸಬೇಡಿ. ಗೋಡೆಗೆ ನೇತುಹಾಕಲೇಬೇಕೆಂದರೆ ಬಣ್ಣದ ಜೆರಾಕ್ಸಿಗೆ ಕಟ್ಟು ಹಾಕಿಸಿ. ಬಂದ ನೆಂಟರು ಹೇಗೂ ಓದುವುದಿಲ್ಲ.