ಮೊಳೆ ಹೊಡೆಯುವ ಹಕ್ಕು

ಉಡುಪಿಯ ಕುಂಜಿಬೆಟ್ಟಿನಲ್ಲಿ ನಾವು ಒಂಬತ್ತು ವರ್ಷ ಇದ್ದದ್ದು ಬಾಡಿಗೆ ಬಿಡಾರದಲ್ಲಿ. ಒಂದೇ ಹಂಚಿನ ಮಾಡಿನ ಕೆಳಗೆ ಸಾಲಾಗಿ ನಾಲ್ಕು ಮನೆ, ಒಂದು ಬಾವಿ, ಒಂದು ಬಚ್ಚಲು. ಅಗ್ರಿಮೆಂಟು ಮಾತ್ರ ಪ್ರತಿ ಸಲವೂ 11 ತಿಂಗಳಿಗೆ. ವರ್ಷ ದಾಟಿದರೆ ರಿಜಿಸ್ಟರ್ ಮಾಡಿಸಬೇಕಲ್ಲ, ಆ ಖರ್ಚು ಧನಿಗಳಿಗೂ ಬೇಡ, ನಮಗೂ ಬೇಡ. ಅದರಲ್ಲಿ ಎರಡು ಷರತ್ತಿಗೆ ಅಡಿಗೆರೆ ಎಳೆದಿದ್ದರು. ಗೋಡೆಗೆ ಮೊಳೆ ಹೊಡೆಯಬಾರದು. ಮೀನು ಬೇಯಿಸಬಾರದು.

ಮೊಳೆ ನಾನು ಹೊಡೆಯಲಿಲ್ಲ. ಕ್ಯಾಲೆಂಡರನ್ನು ಕಿಟಕಿಯ ಚಿಲಕಕ್ಕೆ ಸಿಕ್ಕಿಸಿದೆ. ಕಿಟಕಿ ತೆರೆದರೆ ತಾರೀಕು ಅಂಗಳಕ್ಕೆ ಹೋಗುತ್ತಿತ್ತು, ಅಷ್ಟೆ.

ಮೀನಿನ ವಿಷಯದಲ್ಲಿ ನನ್ನ ಹೆಂಡತಿ ಅಷ್ಟು ಒಳ್ಳೆಯವಳಲ್ಲ. "ಬೇಯಿಸಬಾರದು ಅಂತ ಬರೆದಿದೆ, ಕಾಯಿಸಬಾರದು ಅಂತ ಎಲ್ಲಿದೆ?" ಅಂದಳು. ಧನಿಗಳು ರಥಬೀದಿ ಕಡೆ ಹೊರಟದ್ದು ನೋಡಿ ಕಾವಲಿಗೆ ಬಂಗುಡೆ ಹಾಕಿದಳು. ನಾಲ್ಕು ಮನೆಯ ನಡುವಿನ ಗೋಡೆಗಳು ಆಳೆತ್ತರಕ್ಕೇ ನಿಂತುಬಿಡುತ್ತವೆ. ಅಲ್ಲಿಂದ ಹಂಚಿನವರೆಗೆ ಖಾಲಿ. ಮೊದಲನೇ ಮನೆಯ ಸೀನಿಗೆ ನಾಲ್ಕನೇ ಮನೆಯಿಂದ "ಚಿರಂಜೀವಿ" ಅನ್ನುತ್ತಿದ್ದರು. ಅಂಥಲ್ಲಿ ಬಂಗುಡೆ ಸುಮ್ನೆ ಕೂರುತ್ತದಾ?

ಅಷ್ಟರಲ್ಲಿ ಕೊಡೆ ಮರೆತ ಧನಿಗಳು ವಾಪಸು ಬಂದರು. ಅಂಗಳದಲ್ಲೇ ನಿಂತು, "ಇದೆಂಥ ಘಾಟು ಮಾರಾಯ್ರೆ?" ಅಂದರು. ನನಗೆ ಬಾಯಿ ಒಣಗಿತು. ಗೋಡೆಯ ಆಚೆಯಿಂದ ಪಕ್ಕದ ಮನೆಯ ಅಕ್ಕ ಕೂಗಿದರು. "ಹಪ್ಪಳ ಧನಿಗಳೇ, ಹಲಸಿನ ಹಪ್ಪಳ!"

"ಹೌದಾ? ಹಾಗಾದ್ರೆ ನನಗೂ ಎರಡು ಕೊಡಿ" ಅಂತ ಧನಿಗಳು ಜಗಲಿಯಲ್ಲಿ ಕೂತೇಬಿಟ್ಟರು.

ಪಾಪ, ಆ ಅಕ್ಕ ಮಳೆಗಾಲಕ್ಕೆಂದು ಡಬ್ಬಿಯಲ್ಲಿ ಎತ್ತಿಟ್ಟ ಹಪ್ಪಳ ತೆಗೆದು ಗಡಿಬಿಡಿಯಲ್ಲಿ ಕರಿದರು. ಧನಿಗಳು ಎರಡಲ್ಲ, ಐದು ತಿಂದರು. ಸಂಜೆ ಅಕ್ಕ ಬಂದು ಅರ್ಧ ಬಂಗುಡೆ ವಸೂಲಿ ಮಾಡಿಕೊಂಡು ಹೋದರು. ನ್ಯಾಯವೇ ಬಿಡಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆ 61 ದಿನ ಮಲ್ಪೆ ಬಂದರಿಗೆ ರಜೆ, ಧನಿಗಳ ಮೂಗಿಗೂ ರಜೆ ಅಂದುಕೊಂಡಿದ್ದೆ. ಆದರೆ ನಮ್ಮಲ್ಲಿ ಒಣಸಿಗಡಿ ಚಟ್ನಿ ಶುರುವಾಗುವುದೇ ಆಗ. ಬಂಗುಡೆ ನಾಲ್ಕು ಮನೆ ತಲುಪಿದರೆ, ಹುರಿದ ಸಿಗಡಿ ನಲವತ್ತು ಮನೆ ತಲುಪುತ್ತದೆ. ಮರುದಿನ ಬಾವಿಕಟ್ಟೆಯಲ್ಲಿ ಧನಿಗಳು ಸಿಕ್ಕಿದರು. ಮುಖದಲ್ಲಿ ಒಂದು ಚೂರೂ ನಗು ಇಲ್ಲ. "ನಿಮ್ಮ ಹಪ್ಪಳ ಹಾಳಾಗಿದೆ ಅಂತ ಕಾಣ್ತದೆ. ಬಿಸಿಲು ಬಂದಾಗ ಒಣಗಿಸಿ" ಅಂದರು.

ಈಗ ಸಂತೆಕಟ್ಟೆಯಲ್ಲಿ ಸ್ವಂತ ಮನೆ. 20 ವರ್ಷದ ಸಾಲ, ಟೆರೇಸಿನ ಮನೆ. ಮೊದಲನೇ ಮಳೆಗೇ ಫ್ಯಾನಿನ ಕೊಕ್ಕೆಯಿಂದ ತೊಟ ತೊಟ. ಬಿಡಾರದಲ್ಲಾದರೆ ಕೆಳಗಿನಿಂದ ಕೋಲು ಹಾಕಿ ಹಂಚು ಸರಿಸಿದರೆ ಮುಗಿಯಿತು. ಇಲ್ಲಿ ಮೇಸ್ತ್ರಿ ಮೂರು ಸಲ ಮೇಲೆ ಹತ್ತಿ ಇಳಿದು, "ನೀರು ಹೊಕ್ಕುವ ಜಾಗ ಒಂದು, ಬೀಳುವ ಜಾಗ ಇನ್ನೊಂದು" ಅಂತ ತತ್ವಜ್ಞಾನಿಯಂತೆ ಹೇಳಿದರು. ಕೊನೆಗೆ ಊರವರೆಲ್ಲ ಮಾಡುವುದನ್ನೇ ನಾವೂ ಮಾಡಿದೆವು. ಟೆರೇಸಿನ ಮೇಲೆ ಶೀಟಿನ ಮಾಡು. ಮಾಡಿನ ಮನೆ ಬಿಟ್ಟು ಬಂದದ್ದು ಇದಕ್ಕೇ ಅಲ್ವಾ?

ಬಂಗುಡೆಗೂ ಸ್ವಾತಂತ್ರ್ಯ ಸಿಗಲಿಲ್ಲ. "ಹೊಸ ಅಡುಗೆಮನೆ, ವಾಸನೆ ಹಿಡಿಯುತ್ತದೆ. ಕಾಯಿಸುವುದಾದರೆ ಹಿಂದಿನ ಶೆಡ್ಡಿನಲ್ಲಿ" ಅಂದಳು, ಅದೇ ಹೆಂಡತಿ.

ಆದರೂ ಒಂದು ಆಸೆ ಉಳಿದಿತ್ತು. ಒಕ್ಕಲಾದ ಮರುದಿನವೇ ಸುತ್ತಿಗೆ, ಮೊಳೆ, ಕ್ಯಾಲೆಂಡರ್ ಹಿಡಿದು ಹಾಲಿನ ಗೋಡೆಯ ಮುಂದೆ ಸ್ಟೂಲು ಹತ್ತಿದೆ. ಸರಿಯಾದ ಜಾಗಕ್ಕೆ ಪೆನ್ಸಿಲಿನಲ್ಲಿ ಚುಕ್ಕೆಯನ್ನೂ ಇಟ್ಟೆ. ಒಳಗಿನಿಂದ ಓಡಿ ಬಂದಳು. "ಅಯ್ಯೋ, ಪೈಂಟು!"

ಹೊಸ ಮನೆಯವು ಪಕ್ಕಕ್ಕೆ ಸರಿಯುವ ಕಿಟಕಿ, ಚಿಲಕವೂ ಇಲ್ಲ. ಕ್ಯಾಲೆಂಡರ್ ಫ್ರಿಜ್ಜಿನ ಮೇಲೆ ಮಲಗಿದೆ. ಸಂಕಷ್ಟಿ ಯಾವತ್ತು ಅಂತ ಯಾರಾದರೂ ಕೇಳಿದರೆ ಇಳಿಸಿ, ನೋಡಿ, ಮತ್ತೆ ಮಲಗಿಸುತ್ತೇನೆ.